ಬರ್ಲಿನ್ ನಗರದ ಮೂಲೆಯ ಪಾನಗೃಹ: ಪ್ರೆಂಟ್ಸ್‌ಲಾವರ್ ಬೆರ್ಗ್ ಬಡಾವಣೆಯ ಸಾಮಾಜಿಕ ಇತಿಹಾಸದ ಒಂದು ಪುಟ

ಯೂರೋಪಿನ ನಗರಗಳ ಇತಿಹಾಸವನ್ನು ಬರೆದವರು ಅರಮನೆ, ಇಗರ್ಜಿ, ಪುರಭವನ, ಮಾರುಕಟ್ಟೆ, ವಿಶ್ವವಿದ್ಯಾನಿಲಯ ಇವುಗಳಿಗೆ ಕೊಟ್ಟ ಗಮನವನ್ನು ಜನಸಾಮಾನ್ಯರು ಪ್ರತಿನಿತ್ಯ ಸಂಜೆ ಕುಳಿತು ಎದ್ದ ಸ್ಥಳಗಳಿಗೆ ಕೊಟ್ಟುದು ಇತ್ತೀಚಿನ ಮಾತು. ಇಂತಹ ಸ್ಥಳಗಳಲ್ಲಿ ಬರ್ಲಿನ್ ನಗರದ ಮೂಲೆಯ ಪಾನಗೃಹವು ಮುಖ್ಯವಾದುದು. ಜರ್ಮನರು ಇದನ್ನು ‘ಎಕ್‌ಕ್ನೈಪೆ’ ಎಂದು ಕರೆಯುತ್ತಾರೆ. ‘ಎಕ್’ ಎಂದರೆ ಮೂಲೆ, ‘ಕ್ನೈಪೆ’ ಎಂದರೆ ಬಿಯರು ಕುಡಿಯುವ ಸಣ್ಣ ಅಂಗಡಿ. ಇಂದು ಬೆಲೆಯುಳ್ಳ ವಸತಿಗಳಿಗೂ ಹೊಸ ಬೆಡಗಿನ ಅಂಗಡಿಗಳಿಗೂ ಹೆಸರಾಗಿರುವ ಪ್ರೆಂಟ್ಸ್‌ಲಾವರ್ ಬೆರ್ಗ್ ಎಂಬ ಬಡಾವಣೆಯಲ್ಲಿ ಅಳಿದುಳಿದಿರುವ ಕೆಲವು ಮೂಲೆಯ ಪಾನಗೃಹಗಳನ್ನು ನೋಡಿದವರು, ಇವು ಅನಾದಿಕಾಲದಿಂದ ಬಂದ ಸಂಪ್ರದಾಯವೆಂದೂ ಹೊಸ ಕಾಲದ ಹಣವು ಅದನ್ನು ನುಂಗುತ್ತಿದೆಯೆಂದೂ ಭಾವಿಸುವುದು ಸಹಜ. ಈ ಭಾವನೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮದ್ಯದ ಅಂಗಡಿಯು ಇತಿಹಾಸ ವಿಭಾಗದ ಪತ್ರಿಕೆಗೆ ತಕ್ಕ ವಿಷಯವೇ ಎಂಬ ಪ್ರಶ್ನೆಯನ್ನು ವಾಚಕರಲ್ಲಿ ಕೆಲವರು ಕೇಳಿಯಾರು. ನಮ್ಮ ಸಂವಿಧಾನದ 47ನೆಯ ಅನುಚ್ಛೇದವು ಪಾನನಿರೋಧವನ್ನು ರಾಜ್ಯದ ಕರ್ತವ್ಯಗಳಲ್ಲಿ ಒಂದಾಗಿ ಎಣಿಸಿದೆ. ಕುಡಿತದಿಂದ ಹಾಳಾದ ಮನೆಗಳನ್ನು ಕಾಣದ ಊರು ನಮ್ಮಲ್ಲಿ ವಿರಳ. ಆದರೆ ಒಂದು ಸಂಸ್ಥೆಯನ್ನು ಮೆಚ್ಚುವುದು ಬೇರೆ, ಅದು ಇದ್ದುದೇಕೆ ಎಂದು ತಿಳಿಯುವುದು ಬೇರೆ. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿಗೂ ಸ್ಥಾನವಿತ್ತೆಂಬುದನ್ನು ನೆನೆದರೆ ನಮ್ಮ ಪೂರ್ವಿಕರು ಈ ವಿಚಾರದಲ್ಲಿ ನಮಗಿಂತ ಕಡಮೆ ಸಂಕೋಚಪಟ್ಟರೆಂದು ತೋರುತ್ತದೆ.

ಮೊದಲು ಆ ಮೂಲೆ ಹೇಗೆ ಹುಟ್ಟಿತೆಂಬುದನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಪ್ರೆಂಟ್ಸ್‌ಲಾವರ್ ಬೆರ್ಗ್ ಬರ್ಲಿನ್ ಕೋಟೆಬಾಗಿಲುಗಳ ಹೊರಗಿನ ದಿಣ್ಣೆ. ಅಲ್ಲಿದ್ದುದು ಹೊಲ, ಗಾಳಿಯಂತ್ರ, ಅಲ್ಲೊಂದು ಇಲ್ಲೊಂದು ತೋಟ. ಜೇಮ್ಸ್ ಹೋಬ್ರೆಕ್ಟ್ ಎಂಬ ಎಂಜಿನಿಯರು ಸಿದ್ಧಪಡಿಸಿದ ನಗರ ವಿಸ್ತರಣದ ನಕ್ಷೆಯು 1862ರಲ್ಲಿ ಜಾರಿಗೆ ಬಂದಿತು. ನಕ್ಷೆಯು ನಿರ್ಧರಿಸಿದುದು ಬೀದಿಗಳನ್ನೂ ಚೌಕಗಳನ್ನೂ ಮಾತ್ರ. ಬೀದಿ ಬೀದಿಗಳ ನಡುವಣ ವಿಶಾಲವಾದ ನಿವೇಶನಗಳಲ್ಲಿ ಏನನ್ನು ಹೇಗೆ ಕಟ್ಟಬೇಕೆಂಬುದನ್ನು ಭೂಮಿಯ ಒಡೆಯರಿಗೇ ಬಿಡಲಾಯಿತು. ಅವರನ್ನು ಕಟ್ಟಿಹಾಕಿದ್ದ ನಿಯಮವೆಂದರೆ 1853ರ ಕಟ್ಟಡ ಶಾಸನ. ಅದರಂತೆ ಒಳ ಅಂಗಳವು ಕನಿಷ್ಠಪಕ್ಷ 5.34 ಮೀಟರು ಉದ್ದ, ಅಷ್ಟೇ ಅಗಲ ಇರಬೇಕು. ಬೆಂಕಿ ಆರಿಸುವ ಯಂತ್ರವು ತಿರುಗಲು ಅಷ್ಟು ಜಾಗ ಸಾಕಾಗಿತ್ತು. ಯಂತ್ರದ ಸೌಕರ್ಯಕ್ಕಾಗಿ ಅಳೆದ ಆ ಅಂಗಳವೇ ಒಂದೆರಡು ತಲೆಮಾರಿನ ಮಕ್ಕಳಿಗೆ ಆಕಾಶವನ್ನು ಅಳೆದುಕೊಟ್ಟಿತು. ಬೀದಿಗೆ ಮುಖವಾಗಿ ಒಂದು ಮನೆ, ಅದರ ಬದಿಯಲ್ಲಿ ರೆಕ್ಕೆಗಳು, ಹಿಂದೆ ಮತ್ತೊಂದು ಮನೆ, ಅದರ ಹಿಂದೆ ಇನ್ನೊಂದು ಅಂಗಳ, ಹೀಗೆ ಐದು ಅಂತಸ್ತಿನ ಬಾಡಿಗೆ ವಠಾರಗಳು ಎದ್ದವು. ಜನ ಇವುಗಳನ್ನು ‘ಬಾಡಿಗೆಯ ಬ್ಯಾರಕ್ಕು’ ಎಂದು ಕರೆದರು. ಪಕ್ಕದ ವೆಡಿಂಗ್ ಭಾಗದಲ್ಲಿ 1874ರಲ್ಲಿ ಕಟ್ಟಿದ ಮೈಯರ್ಸ್ ಹೋಫ್ ಎಂಬ ವಠಾರದಲ್ಲಿ ಒಂದರ ಹಿಂದೊಂದು ಅಂಗಳಗಳಿದ್ದು, ಒಂದು ಕಾಲಕ್ಕೆ ಸುಮಾರು ಎರಡು ಸಾವಿರ ಮಂದಿ ವಾಸವಾಗಿದ್ದರು. ನಗರದ ಜನಸಂಖ್ಯೆ 1877ರಲ್ಲಿ ಹತ್ತು ಲಕ್ಷವನ್ನು ದಾಟಿ, 1900ರ ಹೊತ್ತಿಗೆ ಹತ್ತೊಂಬತ್ತು ಲಕ್ಷದ ಸಮೀಪಕ್ಕೆ ಬಂದಿತ್ತು.

ಈ ವಠಾರಗಳ ಸಾಲಿನಲ್ಲಿ ಎರಡು ಬೀದಿಗಳು ಕೂಡುವೆಡೆಯ ಮನೆಗೆ ವಿಶೇಷವಾದ ಲಕ್ಷಣವಿತ್ತು. ಮೂಲೆಯ ನಿವೇಶನದಲ್ಲಿ ಹಿಂದಕ್ಕೆ ಹಿಂದಕ್ಕೆ ಅಂಗಳ ಕಟ್ಟಿ ಬಾಡಿಗೆ ಎಬ್ಬಿಸುವುದು ಸಾಧ್ಯವಿಲ್ಲ. ಆದರೆ ಎರಡು ಕಡೆಯಿಂದಲೂ ಬೆಳಕು, ಎರಡು ಕಡೆಯಿಂದಲೂ ಬರುವವರ ದೃಷ್ಟಿ. ಆದುದರಿಂದ ಕಟ್ಟಡದ ಮೂಲೆಯನ್ನು ಓರೆಯಾಗಿ ಕತ್ತರಿಸಿ, ಆ ಓರೆಯಲ್ಲಿ ಬಾಗಿಲಿಟ್ಟು, ನೆಲ ಅಂತಸ್ತನ್ನು ಅಂಗಡಿಗೆ ಕೊಡುವುದು ವಾಡಿಕೆಯಾಯಿತು. ಅಂಗಡಿಗಳಲ್ಲಿ ಬಾಡಿಗೆಯನ್ನು ತಪ್ಪದೆ ಕೊಡಬಲ್ಲುದು ಬಿಯರಿನ ಅಂಗಡಿ. ಹೀಗೆ ಮೂಲೆಯೂ ಪಾನಗೃಹವೂ ಒಂದಕ್ಕೊಂದು ಗಂಟುಬಿದ್ದುದರಲ್ಲಿ ಜನಪದದ ಅಭಿರುಚಿಗಿಂತ ನಿವೇಶನದ ಲೆಕ್ಕಾಚಾರದ ಪಾಲು ಹೆಚ್ಚು.

ಬಿಯರು ಸಹ ದೂರದಿಂದ ಬರಬೇಕಾಗಿರಲಿಲ್ಲ. ತಣ್ಣಗೆ ಹುದುಗು ಬರಿಸುವ ಬವೇರಿಯದ ರೀತಿಯ ಬಿಯರಿಗೆ ಆಳವಾದ, ತಂಪಾದ ನೆಲಮಾಳಿಗೆ ಬೇಕು. ತಗ್ಗು ನೆಲದ ಬರ್ಲಿನ್‌ನಲ್ಲಿ ಸ್ವಲ್ಪ ಅಗೆದರೆ ನೀರು. ಪ್ರೆಂಟ್ಸ್‌ಲಾವರ್ ಬೆರ್ಗ್ ಮಾತ್ರ ದಿಣ್ಣೆ. ಆದಕಾರಣ ಬಟ್ಟಿಯವರೆಲ್ಲ ಅಲ್ಲಿಗೆ ಏರಿದರು. ಬವೇರಿಯದವನಾದ ಫೆಫರ್ ಎಂಬಾತನು 1841ರಲ್ಲಿ ಸ್ಥಾಪಿಸಿದ ಬಿಯರ್ ಕಾರ್ಖಾನೆಯಿಂದ ಆ ಏರಿಗೆ ಫೆಫರ್‌ಬೆರ್ಗ್ ಎಂಬ ಹೆಸರು ಬಂದು ಇಂದಿಗೂ ಉಳಿದಿದೆ. 1842ರಲ್ಲಿ ಔಷಧದ ವ್ಯಾಪಾರಿಯೊಬ್ಬನು ಆರಂಭಿಸಿ, 1853ರಲ್ಲಿ ಶುಲ್ಟ್‌ಹೈಸ್ ಎಂಬವನ ಕೈಸೇರಿದ ಉದ್ಯಮವು ಶೋನ್‌ಹೌಸರ್ ಹೆದ್ದಾರಿಯ ಬದಿಯಲ್ಲಿ ಕೋಟೆಯಂತಹ ಕಟ್ಟಡಗಳನ್ನು ಎಬ್ಬಿಸಿತು. ಅವುಗಳ ಶಿಲ್ಪಿ ಫ್ರಾಂಟ್ಸ್ ಶ್ವೆಕ್ಟನ್. ಕೃತಕವಾಗಿ ತಂಪು ಮಾಡುವ ಯಂತ್ರಗಳು 1870ರ ದಶಕದಲ್ಲಿ ಬಂದ ಮೇಲೆ ದಿಣ್ಣೆಯ ಅಗತ್ಯ ಕಡಮೆಯಾದರೂ ಬಂಡವಾಳ ಅಲ್ಲಿ ಬೇರೂರಿಯಾಗಿತ್ತು. ಈ ದೊಡ್ಡ ಕಾರ್ಖಾನೆಗಳು ಸಣ್ಣ ಪಾನಗೃಹಗಳ ಒಡೆಯರಿಗೆ ಸಾಲವನ್ನೂ ಮೇಜು ಕುರ್ಚಿಗಳನ್ನೂ ಕೊಟ್ಟು, ಪ್ರತಿಯಾಗಿ ತಮ್ಮ ಬಿಯರನ್ನೇ ಮಾರಬೇಕೆಂದು ಕರಾರು ಮಾಡಿಸಿಕೊಳ್ಳುತ್ತಿದ್ದುವು. ಬಾಗಿಲ ಮೇಲೆ ಒಡೆಯನ ಹೆಸರು ಸಣ್ಣದಾಗಿಯೂ ಕಾರ್ಖಾನೆಯ ಹೆಸರು ದೊಡ್ಡದಾಗಿಯೂ ಇರುತ್ತಿದ್ದುದರ ಅರ್ಥ ಇದೇ. ಸ್ವತಂತ್ರ ವರ್ತಕನೆಂದು ತೋರುವ ಪಾನಗೃಹದ ಒಡೆಯನು ಒಂದು ಕಡೆ ಮನೆಯ ಯಜಮಾನನಿಗೂ ಮತ್ತೊಂದು ಕಡೆ ಬಿಯರ್ ಕಾರ್ಖಾನೆಗೂ ಋಣಿ.

ಗಿರಾಕಿಗಳ ಕಡೆಯಿಂದ ನೋಡೋಣ. ಕೆಲಸಗಾರನ ಸಂಸಾರಕ್ಕೆ ಇದ್ದುದು ಬಹುಮಟ್ಟಿಗೆ ಒಂದು ಅಡಿಗೆಮನೆ, ಒಲೆಯಿಂದ ಕಾಯಿಸಬಹುದಾದ ಒಂದು ಕೊಠಡಿ. ಬಾಡಿಗೆ ಸಾಲದೆ ಬಂದಾಗ ಆ ಕೊಠಡಿಯ ಒಂದು ಹಾಸಿಗೆಯನ್ನು ಹೊರಗಿನವನೊಬ್ಬನಿಗೆ ಬಾಡಿಗೆಗೆ ಕೊಡುತ್ತಿದ್ದರು. ಕೊಠಡಿಯಲ್ಲ, ಹಾಸಿಗೆ ಮಾತ್ರ. ಅದೂ ರಾತ್ರಿ ಪಾಳಿಯವನಿಗಾದರೆ ಹಗಲು ಹೊತ್ತು. ಹಾಸಿಗೆ ಬಾಡಿಗೆಯವನಿಗೆ ಎಚ್ಚರವಿರುವ ಹೊತ್ತಿನಲ್ಲಿ ಕುಳಿತುಕೊಳ್ಳಲು ಸ್ಥಳವೆಲ್ಲಿ? ನಮ್ಮ ಹಳ್ಳಿಯವನಿಗೆ ಜಗಲಿಯುಂಟು, ಅರಳಿಕಟ್ಟೆಯುಂಟು, ಹವೆಯೂ ಅನುಕೂಲ. ಬರ್ಲಿನ್‌ನ ಹಿಮಗಾಲದಲ್ಲಿ ಕಟ್ಟೆಗೆ ಸೂರು ಬೇಕು, ಸೂರಿನ ಕೆಳಗೆ ಒಲೆ ಬೇಕು. ಆ ಒಲೆಯ ಬಾಡಿಗೆಯೇ ಒಂದು ಲೋಟ ಬಿಯರಿನ ಬೆಲೆ. ಬರ್ಲಿನ್ನಿನವರು ಅದನ್ನು ‘ಮೊಲ್ಲೆ’ ಎನ್ನುತ್ತಾರೆ. ವೃತ್ತಪತ್ರಿಕೆ ಅಲ್ಲಿ ಸಿಕ್ಕುತ್ತಿತ್ತು. ಕೆಲಸ ಎಲ್ಲಿದೆಯೆಂಬ ಸುದ್ದಿ ಅಲ್ಲಿ ಸಿಕ್ಕುತ್ತಿತ್ತು. ವಾರದ ಕೊನೆಗೆ ಕೊಡುವ ಕರಾರಿನ ಮೇಲೆ ಸಾಲವೂ ಸಿಕ್ಕುತ್ತಿತ್ತು. ಇವುಗಳ ಜೊತೆಗೆ ಉಳಿತಾಯದ ಸಂಘವೆಂಬ ಏರ್ಪಾಡು ಬೆಳೆಯಿತು. ಗೋಡೆಗೆ ಹೊಡೆದ ತಗಡಿನ ಪೆಟ್ಟಿಗೆಯಲ್ಲಿ ಅಂಕಿ ಹಾಕಿದ ಸಣ್ಣ ಸಣ್ಣ ಗೂಡುಗಳು; ಪ್ರತಿ ಸದಸ್ಯನಿಗೂ ಒಂದು ಗೂಡು; ವಾರಕ್ಕೊಮ್ಮೆ ಅದರ ಸೀಳಿನಲ್ಲಿ ನಾಣ್ಯ ಹಾಕಬೇಕು, ತಪ್ಪಿದವನಿಗೆ ದಂಡ; ಕ್ರಿಸ್‌ಮಸ್ಸಿಗೆ ಮುಂಚೆ ಲೆಕ್ಕ ತೀರಿಸಿ ಹಣವನ್ನು ಹಂಚಿ, ದಂಡದ ಹಣದಲ್ಲಿ ಊಟ. ದುಂದುಗಾರಿಕೆಯ ಮನೆಯೆಂದು ನಿಂದಿತವಾದ ಸ್ಥಳದಲ್ಲೇ ಮಿತವ್ಯಯದ ಪೆಟ್ಟಿಗೆ ತೂಗುತ್ತಿತ್ತು.

ಇದರ ಇನ್ನೊಂದು ಮುಖವನ್ನು ಮರೆಮಾಚಬಾರದು. ಕೂಲಿಯನ್ನು ಪಾನಗೃಹದಲ್ಲೇ ಬಟವಾಡೆ ಮಾಡುವ ಪದ್ಧತಿ ಎಷ್ಟು ಹಬ್ಬಿತ್ತೆಂದರೆ ಅದನ್ನು ತಡೆಯಲು 1891ರ ಔದ್ಯೋಗಿಕ ಶಾಸನದ ತಿದ್ದುಪಡಿಯಲ್ಲಿ ಪ್ರತ್ಯೇಕ ಕಲಮನ್ನೇ ಸೇರಿಸಬೇಕಾಯಿತು. ಕೂಲಿಯ ದಿನ ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸರಿಗೆ ಈ ‘ಸೂರುಳ್ಳ ಕಟ್ಟೆ’ಯ ಗುಣಗಾನವು ಹಿತವಾಗಿ ಕೇಳಿಸುತ್ತಿರಲಿಲ್ಲ. ಪ್ರಷ್ಯದ 1850ರ ಸಂಘಶಾಸನವು ರಾಜಕೀಯ ಸಂಘಗಳಿಗೆ ಸ್ತ್ರೀಯರು ಸೇರುವುದನ್ನೂ ಅವುಗಳ ಸಭೆಗೆ ಬರುವುದನ್ನೂ ನಿಷೇಧಿಸಿತ್ತು. 1908ರವರೆಗೂ ಆ ನಿಷೇಧ ಉಳಿಯಿತು. ಆದುದರಿಂದ ಮೂಲೆಯ ಪಾನಗೃಹದಲ್ಲಿ ಬೆಳೆದ ಸಾರ್ವಜನಿಕ ಜೀವನವು ಅರ್ಧ ಸಮಾಜದ ಸಾರ್ವಜನಿಕ ಜೀವನ. ಇದೇ ಬಡಾವಣೆಯಲ್ಲಿ 1891ರಿಂದ 1943ರವರೆಗೆ ವಾಸವಾಗಿದ್ದ ಚಿತ್ರಕರ್ತ್ರಿ ಕೇಟೆ ಕೋಲ್ವಿಟ್ಸ್ ಕಂಡ ತಾಯಂದಿರು ಅವರ ಪತಿಯ ಔಷಧಾಲಯಕ್ಕೆ ಬಂದವರು. ಅವರ ಗಂಡಂದಿರನ್ನು ಹುಡುಕಬೇಕಾದರೆ ಬೀದಿಯ ಮೂಲೆಗೆ ಹೋಗಬೇಕಾಗಿತ್ತು.

ಈ ಸಣ್ಣ ಅಂಗಡಿಯು ದೇಶದ ಚರಿತ್ರೆಯಲ್ಲಿ ಸ್ಥಾನ ಪಡೆದುದು ಬಿಸ್ಮಾರ್ಕನ ಕೃಪೆಯಿಂದ. 1878ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಸಮಾಜವಾದಿ ವಿರೋಧೀ ಶಾಸನವು ಪಕ್ಷದ ಸಂಘಗಳನ್ನೂ ಸಭೆಗಳನ್ನೂ ಪತ್ರಿಕೆಗಳನ್ನೂ ನಿಷೇಧಿಸಿತು. ಆ ವರ್ಷದ ನವೆಂಬರಿನಿಂದಲೇ ಬರ್ಲಿನ್‌ನಲ್ಲಿ ‘ಕಿರಿಯ ಮುತ್ತಿಗೆ’ಯ ಆಡಳಿತವನ್ನು ಹೇರಿ, ಪೋಲೀಸರು ಅನುಮಾನ ಬಂದವರನ್ನು ನಗರದಿಂದ ಹೊರಗಟ್ಟಿದರು. ಸಭಾಭವನಗಳನ್ನು ಮುಚ್ಚಬಹುದು, ಮುದ್ರಣಾಲಯಗಳಿಗೆ ಬೀಗ ಹಾಕಬಹುದು. ಆದರೆ ಸಂಜೆ ಆರು ಗಂಟೆಗೆ ಹತ್ತು ಜನ ಬಡಗಿಗಳು ಒಂದು ಮೇಜಿನ ಸುತ್ತ ಕುಳಿತು ಬಿಯರು ಕುಡಿಯುವುದನ್ನು ಸಭೆಯೆಂದು ಕರೆಯುವುದು ಹೇಗೆ? ಹಾಡಿನ ಮಂಡಳಿ, ಚೀಟಿ ಆಟದ ಕೂಟ, ಹೊಗೆಬತ್ತಿಯ ಸಂಘ ಎಂಬ ಹೆಸರುಗಳ ಅಡಿಯಲ್ಲಿ ಪಕ್ಷವು ಉಸಿರಾಡಿತು. ಸರ್ಕಾರಕ್ಕೆ ಇದು ತಿಳಿಯದ ವಿಷಯವಾಗಿರಲಿಲ್ಲ. ಚಳವಳಿಗೆ ಒತ್ತಾಸೆ ಕೊಟ್ಟ ಪಾನಗೃಹದ ಒಡೆಯನ ವ್ಯಾಪಾರವನ್ನೇ ನಿಲ್ಲಿಸುವ ಅಧಿಕಾರವನ್ನು ಆ ಶಾಸನದ 23ನೆಯ ಕಲಮು ಕೊಟ್ಟಿತ್ತು. ಶಾಸನವು 1890ರ ಸೆಪ್ಟೆಂಬರಿನಲ್ಲಿ ಮುಗಿಯಿತು. 1877ರ ಚುನಾವಣೆಯಲ್ಲಿ ಸುಮಾರು 4 ಲಕ್ಷ 93 ಸಾವಿರ ಮತಗಳನ್ನು ಪಡೆದಿದ್ದ ಪಕ್ಷವು 1890ರಲ್ಲಿ 14 ಲಕ್ಷ 27 ಸಾವಿರ ಮತಗಳನ್ನು ಪಡೆಯಿತು. ಈ ಹೆಚ್ಚಳವನ್ನೆಲ್ಲ ಪಾನಗೃಹದ ಖಾತೆಗೆ ಬರೆಯುವುದು ಹುಡುಗಾಟಿಕೆಯಾದೀತು. ಉದ್ಯಮದ ಬೆಳೆವಣಿಗೆ, ವಲಸೆ, ಶಾಸನವು ಚುನಾವಣೆಗೆ ನಿಲ್ಲುವ ಹಕ್ಕನ್ನು ಕಸಿದುಕೊಳ್ಳದೆ ಇದ್ದುದು, ಇವೆಲ್ಲವೂ ಕಾರಣಗಳು. ಆದರೆ ಹನ್ನೆರಡು ವರ್ಷಗಳ ಕಾಲ ಮತದಾರರ ನಂಟು ಕಡಿಯದಂತೆ ಉಳಿಸಿದ ಸ್ಥಳವಾವುದೆಂದು ಕೇಳಿದರೆ ಬೇರೆ ಉತ್ತರ ಸುಲಭವಾಗಿ ದೊರೆಯದು.

ಪಕ್ಷದ ಮುಖಂಡರಲ್ಲಿಯೇ ಈ ಬಗ್ಗೆ ಒಮ್ಮತವಿರಲಿಲ್ಲ. ಕೆಲಸಗಾರನಿಗೆ ಪಾನಗೃಹವೊಂದನ್ನು ಬಿಟ್ಟರೆ ಸ್ವತಂತ್ರವಾಗಿ ಸೇರಲು ತಾವಿಲ್ಲ, ಅದನ್ನು ಕಿತ್ತುಕೊಂಡರೆ ಅವನ ರಾಜಕೀಯ ಸ್ವಾತಂತ್ರ್ಯದ ಕೋಟೆ ಬೀಳುತ್ತದೆ ಎಂಬ ಅಭಿಪ್ರಾಯವನ್ನು ಕಾರ್ಲ್ ಕೌಟ್‌ಸ್ಕಿ 1891ರಲ್ಲಿ ಪ್ರತಿಪಾದಿಸಿದನು. ಪಾನವಿರೋಧಿಗಳಾದ ಸಮಾಜವಾದಿಗಳು ಇದನ್ನು ಒಪ್ಪಲಿಲ್ಲ. 1909ರ ಲೈಪ್‌ಸಿಗ್ ಅಧಿವೇಶನದಲ್ಲಿ ಪಕ್ಷವು ಬಿಯರನ್ನು ಬಿಟ್ಟು, ತೀಕ್ಷ್ಣವಾದ ಬಟ್ಟಿ ಸಾರಾಯಿಯನ್ನು ಮಾತ್ರ ಬಹಿಷ್ಕರಿಸಿದುದು ಈ ಎಳೆದಾಟದಲ್ಲಿ ಹುಟ್ಟಿದ ರಾಜಿ. ಮುಷ್ಕರದಲ್ಲಿ ಕೆಲಸ ಕಳೆದುಕೊಂಡು ಯಾವ ಕಾರ್ಖಾನೆಯಲ್ಲೂ ಸೇರಿಸಿಕೊಳ್ಳದೆ ಹೋದ ಎಷ್ಟೋ ಕಾರ್ಯಕರ್ತರು ಪಾನಗೃಹದ ಒಡೆಯರಾದರು. ಮುಂದೆ ಜರ್ಮನ್ ಗಣರಾಜ್ಯದ ಪ್ರಥಮ ಅಧ್ಯಕ್ಷನಾದ ಫ್ರೀಡ್ರಿಷ್ ಎಬರ್ಟ್, ಕುದುರೆಯ ಜೀನು ಹೊಲಿಯುವ ಕಸಬಿನವನು, 1894ರಿಂದ ಕೆಲವು ವರ್ಷ ಬ್ರೇಮನ್ ನಗರದಲ್ಲಿ ಪಾನಗೃಹವನ್ನು ನಡೆಸಿ ಜೀವಿಸಿದನು. ಅದೇ 1894ರಲ್ಲಿ, ಮೇ ದಿನಾಚರಣೆಗಾಗಿ ಕೆಲಸಕ್ಕೆ ಬಾರದ ಪೀಪಾಯಿ ಕೆಲಸಗಾರರನ್ನು ವಜಾ ಮಾಡಿದುದರಿಂದ ಬರ್ಲಿನ್‌ನಲ್ಲಿ ದೊಡ್ಡ ಬಿಯರ್ ಬಹಿಷ್ಕಾರ ನಡೆದು ವರ್ಷದ ಕೊನೆಯವರೆಗೂ ಎಳೆಯಿತು. ಕಾರ್ಖಾನೆಯ ಸಾಲದಲ್ಲಿ ಸಿಕ್ಕಿಕೊಂಡ, ಬಹಿಷ್ಕಾರ ಹೂಡಿದ ಗಿರಾಕಿಗಳನ್ನು ನಂಬಿ ಬದುಕುವ ಮೂಲೆಯ ಅಂಗಡಿಯವನ ಪಾಡನ್ನು ಆ ಎಂಟು ತಿಂಗಳಷ್ಟು ಸ್ಪಷ್ಟವಾಗಿ ಬೇರಾವ ಘಟನೆಯೂ ತೋರಿಸುವುದಿಲ್ಲ.

ಆ ಮೇಜುಗಳ ಸುತ್ತ ಜನ ಏನು ಮಾತನಾಡಿದರು? ಸಾಮಾನ್ಯವಾಗಿ ಇಂತಹ ಮಾತು ಗಾಳಿಗೆ ಹೋಗುತ್ತದೆ. ಜರ್ಮನಿಯ ಪುಣ್ಯವೋ ಪಾಪವೋ, ಹ್ಯಾಂಬರ್ಗ್ ನಗರದ ರಾಜಕೀಯ ಪೋಲೀಸರು 1892ರಿಂದ 1914ರವರೆಗೆ ಕೆಲಸಗಾರರ ವೇಷದ ಪೇದೆಗಳನ್ನು ಪಾನಗೃಹಗಳಿಗೆ ಕಳುಹಿಸಿ, ಕೇಳಿದುದನ್ನು ಬರೆಯಿಸಿ ಇಟ್ಟರು. ಸಾವಿರಾರು ವರದಿಗಳು ಉಳಿದಿವೆ. ಇಂಗ್ಲಿಷ್ ಇತಿಹಾಸಕಾರ ರಿಚರ್ಡ್ ಇವಾನ್ಸ್ ಇವುಗಳಿಂದ ಆಯ್ದ ಗ್ರಂಥವೊಂದನ್ನು 1989ರಲ್ಲಿ ಪ್ರಕಟಿಸಿದರು. ಅದರಿಂದ ತಿಳಿಯುವುದೇನೆಂದರೆ, ಕೆಲಸಗಾರರು ಪಕ್ಷದ ಪತ್ರಿಕೆ ಹೇಳಿದುದನ್ನು ಗಿಳಿಯಂತೆ ಒಪ್ಪಿಸುತ್ತಿರಲಿಲ್ಲ. ಕೂಲಿ, ಮಾಂಸದ ಬೆಲೆ, ನ್ಯಾಯಾಲಯದ ಪಕ್ಷಪಾತ, ಯುದ್ಧ, ವಸಾಹತು ಎಲ್ಲವನ್ನೂ ತಮ್ಮ ತಮ್ಮೊಳಗೆ ತರ್ಕಿಸುತ್ತಿದ್ದರು, ಮುಖಂಡರನ್ನೂ ಹಳಿಯುತ್ತಿದ್ದರು. ಈ ಆಧಾರಗಳನ್ನು ಬಳಸುವ ವಿದ್ಯಾರ್ಥಿ ಒಂದು ಎಚ್ಚರಿಕೆಯನ್ನು ಮರೆಯಬಾರದು. ಬರೆದವನು ಪೇದೆ, ಮೇಲಧಿಕಾರಿಗೆ ಬೇಕಾದುದು ರಾಜಕೀಯ. ಮಗುವಿನ ಜ್ವರ, ಪಾರಿವಾಳದ ಸಾಕಣೆ, ಊರಿನ ನೆನಪು, ಹುಡುಗಿಯ ಮದುವೆ ಇವು ಅವನ ಕಿವಿಗೆ ಬಿದ್ದರೂ ಕಾಗದಕ್ಕೆ ಇಳಿಯಲಿಲ್ಲ. ಹೆದರಿದವರು ಬರೆದಿಟ್ಟ ಚರಿತ್ರೆಯಲ್ಲಿ ಹೆದರಿಕೆಗೆ ಕಾರಣವಾದುದಷ್ಟೇ ಇರುತ್ತದೆ. ನಮ್ಮ ದೇಶದ ಚಳವಳಿಗಳನ್ನು ಬ್ರಿಟಿಷರ ಗುಪ್ತ ಪೋಲೀಸಿನ ಕಡತಗಳಿಂದ ಬರೆಯಹೊರಟವರಿಗೂ ಈ ಮಾತು ಹೊಸದಲ್ಲ.

1930ರ ನಂತರದ ಪುಟ ಕಪ್ಪು. ಕೆಲಸವಿಲ್ಲದ ಗಿರಾಕಿ ಒಂದು ಲೋಟವನ್ನು ಎದುರಿಗಿಟ್ಟುಕೊಂಡು ಸಂಜೆಯೆಲ್ಲ ಕುಳಿತರೆ ಅಂಗಡಿ ನಡೆಯುವುದಿಲ್ಲ. ಈ ಸಂಕಟದ ಸಮಯದಲ್ಲಿ ನಾಟ್ಸಿ ಪಕ್ಷದ ದಳಗಳು ಕೆಲಸಗಾರರ ಬಡಾವಣೆಗಳ ಪಾನಗೃಹಗಳನ್ನು ಹಿಡಿದು, ನಿಶ್ಚಿತವಾದ ವ್ಯಾಪಾರದ ಆಸೆ ತೋರಿಸಿ, ಅವುಗಳನ್ನು ತಮ್ಮ ಠಾಣೆಗಳನ್ನಾಗಿ ಮಾಡಿಕೊಂಡುವು. ಅವುಗಳ ಹೆಸರೇ ‘ದಾಳಿಯ ಅಂಗಡಿ’. ಕಮ್ಯೂನಿಸ್ಟರಿಗೂ ತಮ್ಮ ಅಂಗಡಿಗಳಿದ್ದುವು. 1931ರ ಅಕ್ಟೋಬರಿನಲ್ಲಿ ನಾಯ್‌ಕೋಲ್ನ್ ಭಾಗದ ಇಂತಹ ಒಂದು ನಾಟ್ಸಿ ಠಾಣೆಯ ಮೇಲೆ ಗುಂಡು ಹಾರಿ, ಅಂಗಡಿಯ ಒಡೆಯನು ಮಡಿದನು. 1933ರ ಮಾರ್ಚಿನಿಂದ ಜೂನ್‌ವರೆಗೆ ಪ್ರೆಂಟ್ಸ್‌ಲಾವರ್ ಬೆರ್ಗ್‌ನ ನೀರಿನ ಗೋಪುರದ ಬಳಿಯ ಯಂತ್ರಶಾಲೆಯನ್ನು ಬಂದೀಖಾನೆಯಾಗಿ ಮಾರ್ಪಡಿಸಿ, ಅದೇ ಬೀದಿಗಳ ಸಮಾಜವಾದಿಗಳನ್ನೂ ಕಮ್ಯೂನಿಸ್ಟರನ್ನೂ ಯೆಹೂದ್ಯರನ್ನೂ ಅಲ್ಲಿ ಹಿಂಸಿಸಿದರು. ಒಂದೇ ಮೂಲೆ, ಒಂದೇ ಬಿಯರು, ಒಂದೇ ಬಗೆಯ ಮೇಜು. ಸ್ವಾತಂತ್ರ್ಯದ ಕೋಟೆಯಾದ ಸ್ಥಳವು ದಬ್ಬಾಳಿಕೆಯ ಠಾಣೆಯೂ ಆಗಬಲ್ಲುದು. ಪಾನಗೃಹವನ್ನು ಪ್ರಜಾಪ್ರಭುತ್ವದ ತೊಟ್ಟಿಲೆಂದು ಹೊಗಳುವವರು ಈ ನಾಲ್ಕು ವರ್ಷಗಳನ್ನು ಓದಿ ಮುಂದೆ ಹೋಗುವುದು ಒಳ್ಳೆಯದು.

ಯುದ್ಧದ ಬಾಂಬುಗಳಿಗೆ ಈ ಬಡಾವಣೆಯು ನಗರದ ಇತರ ಭಾಗಗಳಷ್ಟು ತುತ್ತಾಗಲಿಲ್ಲ. ವಿಭಜನೆಯಲ್ಲಿ ಅದು ಪೂರ್ವ ಬರ್ಲಿನ್‌ಗೆ ಸೇರಿತು. ಪೂರ್ವ ಜರ್ಮನಿಯ ಸರ್ಕಾರವು ಹಣವನ್ನೆಲ್ಲ ನಗರದ ಅಂಚಿನ ಹೊಸ ವಸತಿಗಳಿಗೆ ಸುರಿದು ಹಳೆಯ ವಠಾರಗಳನ್ನು ಅಲಕ್ಷಿಸಿತು. ಗಾರೆ ಉದುರಿತು, ಕಲ್ಲಿದ್ದಲ ಒಲೆಗಳೂ ಮೆಟ್ಟಿಲ ಬಳಿಯ ಸಾಮೂಹಿಕ ಶೌಚಗಳೂ ಹಾಗೆಯೇ ಉಳಿದುವು. ಜೊತೆಗೆ ಮೂಲೆಯ ಪಾನಗೃಹವೂ ಉಳಿಯಿತು. ಪಾನಗೃಹಗಳಲ್ಲಿ ಕೆಲವು ಸರ್ಕಾರದ ವ್ಯಾಪಾರಸಂಸ್ಥೆಗೆ ಸೇರಿದರೂ ಕೆಲವು ಖಾಸಗಿಯಾಗಿಯೇ ನಡೆದುವು; ಮೆಟ್ಸರ್ ಬೀದಿಯ ಮೂಲೆಯಲ್ಲಿ 1913ರಲ್ಲಿ ಆರಂಭವಾದ ‘ಮೆಟ್ಸರ್ ಎಕ್’ ಎಂಬುದು ಒಂದೇ ಮನೆತನದವರ ಕೈಯಲ್ಲಿ ಚಕ್ರವರ್ತಿಯ ಕಾಲವನ್ನೂ ಎರಡು ಸರ್ವಾಧಿಕಾರಗಳನ್ನೂ ದಾಟಿ ಬಂದಿತು. ಅಭಿಮಾನದಿಂದಲ್ಲ, ಅಲಕ್ಷ್ಯದಿಂದ ಉಳಿದ ಸಂಪ್ರದಾಯವಿದು. ಅಭಿಮಾನವು ಆಮೇಲೆ ಬಂದಿತು. ನಗರದ 750ನೆಯ ವರ್ಷದ ಉತ್ಸವಕ್ಕಾಗಿ 1987ರಲ್ಲಿ ಅದೇ ಸರ್ಕಾರವು ಹೂಸೆಮಾನ್ ಬೀದಿಯೊಂದನ್ನು ಆರಿಸಿ, ಮುಂಭಾಗಗಳಿಗೆ ಬಣ್ಣ ಬಳಿದು, ಹಳೆಯ ಅಕ್ಷರಗಳ ಫಲಕ ತೂಗುಹಾಕಿ, 1900ರ ಕಾಲದ ಕೆಲಸಗಾರರ ಜೀವನವನ್ನು ತೋರಿಸುವ ವಸ್ತುಸಂಗ್ರಹಾಲಯವನ್ನೂ ತೆರೆಯಿತು. ಪ್ರೇಕ್ಷಕರು ಟಿಕೀಟು ಕೊಂಡು ನೋಡಿದ ಅಡಿಗೆಮನೆಯನ್ನು ಹೋಲುವ ಅಡಿಗೆಮನೆಗಳಲ್ಲಿ ಪಕ್ಕದ ಬೀದಿಯವರು ಇನ್ನೂ ಒಲೆ ಊದುತ್ತಿದ್ದರು. ‘ಹಳೆಯ ಬರ್ಲಿನ್’ ಎಂಬ ಸರಕನ್ನು 1990ರ ನಂತರ ಬಂದ ಬಂಡವಾಳವು ಕಂಡುಹಿಡಿಯಿತೆಂಬ ಸಾಮಾನ್ಯ ಹೇಳಿಕೆಯು ಆದುದರಿಂದ ಸರಿಯಲ್ಲ.

ಜರ್ಮನಿ ಒಂದಾದ ಮೇಲೆ ನಡೆದುದು ತಿಳಿದ ಕಥೆ. 1993ರಲ್ಲಿ ಕೋಲ್ವಿಟ್ಸ್ ಚೌಕದ ಸುತ್ತಲ ಭಾಗವನ್ನು ಜೀರ್ಣೋದ್ಧಾರದ ಕ್ಷೇತ್ರವೆಂದು ಘೋಷಿಸಿದರು. ಹಳೆಯ ಒಡೆಯರಿಗೆ ಮನೆಗಳು ಮರಳಿದುವು, ಮಾರಾಟವಾದುವು, ದುರಸ್ತಾದುವು. ಹಳೆಯ ನಿವಾಸಿಗಳಲ್ಲಿ ಬಹುಪಾಲು ಬೇರೆಡೆಗೆ ಹೋದರು. 1967ರಲ್ಲಿ ಬಟ್ಟಿ ನಿಂತಿದ್ದ ಶುಲ್ಟ್‌ಹೈಸ್ ಕಾರ್ಖಾನೆಯು ‘ಸಂಸ್ಕೃತಿಯ ಬಟ್ಟಿ’ ಎಂಬ ಹೆಸರಿನಿಂದ ನಾಟಕ, ಸಿನಿಮಾಗಳ ಸ್ಥಾನವಾಯಿತು. 1952ರಿಂದ ನಡೆದಿದ್ದ ಕ್ನಾಕ್ ಎಂಬ ಸಂಗೀತಗೃಹವು ಪಕ್ಕದಲ್ಲಿ ಎದ್ದ ಹೊಸ ಮನೆಗಳವರು ಸದ್ದಿನ ಬಗ್ಗೆ ಹೂಡಿದ ದಾವೆಯ ಫಲವಾಗಿ 2010ರಲ್ಲಿ ಮುಚ್ಚಿತು.

ಕೆಲವು ವರ್ಷಗಳ ಹಿಂದೆ ಅಧ್ಯಯನಕ್ಕಾಗಿ ಬರ್ಲಿನ್‌ಗೆ ಹೋಗಿದ್ದಾಗ ಪ್ರಸ್ತುತ ಲೇಖಕನು ಈ ಬಡಾವಣೆಯ ಒಂದು ಮೂಲೆಯ ಪಾನಗೃಹದಲ್ಲಿ ಕೆಲವು ಸಂಜೆ ಕುಳಿತದ್ದುಂಟು. ಬಲಕ್ಕೆ ಮಕ್ಕಳ ಬೆಲೆಯುಳ್ಳ ಉಡುಪಿನ ಅಂಗಡಿ, ಎಡಕ್ಕೆ ಕಾಫಿಯ ಬೀಜವನ್ನು ಗಿರಾಕಿಯ ಎದುರಿಗೇ ಹುರಿಯುವ ಅಂಗಡಿ. ನಡುವೆ ಕಿಟಕಿಗೆ ಹಳದಿ ಬಣ್ಣಕ್ಕೆ ತಿರುಗಿದ ಪರದೆ. ಒಳಗೆ ಬಂದವರು ಮಾತಿಗೆ ಬದಲಾಗಿ ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ವಂದನೆ ಸೂಚಿಸುತ್ತಿದ್ದರು. ಎಷ್ಟು ಲೋಟವಾಯಿತೆಂಬ ಲೆಕ್ಕವನ್ನು ಅಂಗಡಿಯಾಕೆ ಲೋಟದಡಿಯ ರಟ್ಟಿನ ಬಿಲ್ಲೆಯ ಮೇಲೆ ಗೀಟುಗಳಿಂದ ಗುರುತಿಸುತ್ತಿದ್ದಳು. ಸೇಬಿನ ರಸಕ್ಕೆ ಸೋಡ ಬೆರೆಸಿದುದನ್ನೇ ಕುಡಿದ ಈ ಪರದೇಶಿಯ ಬಿಲ್ಲೆಗೂ ಅದೇ ಗೀಟು. ಉಳಿತಾಯದ ಪೆಟ್ಟಿಗೆ ಗೋಡೆಯ ಮೇಲೆ ಇತ್ತು. ಅದರಲ್ಲಿ ಎಷ್ಟು ಗೂಡಿಗೆ ಹಣ ಬೀಳುತ್ತದೆಂದು ಪಕ್ಕದ ವೃದ್ಧರನ್ನು ಕೇಳಿದೆ. ಅವರು ಬೆರಳಿನಿಂದ ಎಣಿಸಿ ತೋರಿಸಿದರು. ಎಣಿಕೆ ಎರಡನೆಯ ಕೈಯವರೆಗೆ ಹೋಗಲಿಲ್ಲ. ಅವರಿಗೆ ಹೊಸಬರ ಮೇಲೆ ದ್ವೇಷವಿದ್ದಂತೆ ಕಾಣಲಿಲ್ಲ. ಹೊಸಬರು ಬರುತ್ತಾರೆ, ಪಟ ತೆಗೆದುಕೊಳ್ಳುತ್ತಾರೆ, ಒಂದು ಲೋಟ ಕುಡಿದು ಹೋಗುತ್ತಾರೆ ಎಂದಷ್ಟೇ ಹೇಳಿದರು.

ಕೋಣೆಯಲ್ಲಿ ದಟ್ಟವಾಗಿದ್ದ ಹೊಗೆಗೂ ಒಂದು ಚರಿತ್ರೆಯುಂಟು. 2008ರ ಜನವರಿಯಿಂದ ಬರ್ಲಿನ್‌ನ ಪಾನಗೃಹಗಳಲ್ಲಿ ಧೂಮಪಾನ ನಿಷಿದ್ಧವಾಯಿತು. ಪ್ರತ್ಯೇಕ ಕೊಠಡಿಯಿದ್ದವರಿಗೆ ಮಾತ್ರ ವಿನಾಯಿತಿ. ಒಂದೇ ಕೊಠಡಿಯ ಸಣ್ಣ ಅಂಗಡಿಗಳು ಇದರಿಂದ ಕೆಡುತ್ತವೆಂದು ಫಿರ್ಯಾದು ಹೋಯಿತು. ಫಿರ್ಯಾದುದಾರರಲ್ಲಿ ಒಬ್ಬಾಕೆ ಪ್ರೆಂಟ್ಸ್‌ಲಾವರ್ ಬೆರ್ಗ್‌ನಲ್ಲಿಯೇ ಸಣ್ಣ ಪಾನಗೃಹ ನಡೆಸುತ್ತಿದ್ದವಳು. ಸಂವಿಧಾನ ನ್ಯಾಯಾಲಯವು 2008ರ ಜುಲೈ 30ರಂದು ತೀರ್ಪಿತ್ತಿತು: ಎಲ್ಲರಿಗೂ ಸಮನಾಗಿ ಪೂರ್ಣ ನಿಷೇಧ ಮಾಡುವುದಾದರೆ ಶಾಸಕಾಂಗಕ್ಕೆ ಆ ಹಕ್ಕುಂಟು, ದೊಡ್ಡವರಿಗೆ ವಿನಾಯಿತಿ ಕೊಟ್ಟು ಚಿಕ್ಕವರಿಗೆ ಕೊಡದಿರುವುದು ವೃತ್ತಿಸ್ವಾತಂತ್ರ್ಯಕ್ಕೆ ಭಂಗ. ಅದರಂತೆ 75 ಚದರ ಮೀಟರಿಗಿಂತ ಚಿಕ್ಕದಾಗಿ, ಒಂದೇ ಕೊಠಡಿಯುಳ್ಳದ್ದಾಗಿ, 18 ವರ್ಷಕ್ಕೆ ಕೆಳಗಿನವರನ್ನು ಸೇರಿಸದೆ, ಸ್ಥಳದಲ್ಲಿ ತಯಾರಿಸಿದ ಆಹಾರವನ್ನು ಕೊಡದೆ ಇರುವ ಅಂಗಡಿಗೆ ಹೊಗೆಯ ಪರವಾನಗಿ ದೊರೆಯಿತು. ಸಂಪ್ರದಾಯದ ವಿಷಯದಲ್ಲಿ ಇದಕ್ಕಿಂತ ವಿಚಿತ್ರವಾದ ಕಟ್ಟಳೆ ಅಪರೂಪ. ಕೈಮಾದ ಬಿಸಿ ಉಂಡೆಯೂ ಉಪ್ಪುನೀರಿನ ಮೊಟ್ಟೆಯೂ ತಂಬಾಕಿನ ಹೊಗೆಯಷ್ಟೇ ಆ ಅಂಗಡಿಯ ಸಂಪ್ರದಾಯ. ಇನ್ನು ಮುಂದೆ ಬಾಣಲೆಯನ್ನೋ ಹೊಗೆಯನ್ನೋ ಒಂದನ್ನು ಆರಿಸಿಕೊಳ್ಳಬೇಕು. ‘ಹಿಂದಿನಂತೆಯೇ ಇದೆ’ ಎಂದು ಪ್ರವಾಸಿ ಮೂಗು ಮುಚ್ಚಿಕೊಂಡು ಮೆಚ್ಚುವ ವಾತಾವರಣವು 2008ರ ತೀರ್ಪಿನ ಶಿಶು.

ಇವುಗಳಿಗಿಂತ ಮುಖ್ಯವಾದ ಪ್ರಶ್ನೆ ಬಾಡಿಗೆಯದು. ಜರ್ಮನ್ ಶಾಸನವು ವಾಸದ ಮನೆಯ ಬಾಡಿಗೆದಾರನಿಗೆ ಕೊಡುವ ರಕ್ಷಣೆಯನ್ನು ಅಂಗಡಿಯ ಬಾಡಿಗೆದಾರನಿಗೆ ಕೊಡುವುದಿಲ್ಲ. ಕರಾರು ಮುಗಿದ ದಿನ ಒಡೆಯನು ತನಗೆ ತೋರಿದ ಬಾಡಿಗೆಯನ್ನು ಕೇಳಬಹುದು. ಸ್ಮಾರಕ ಶಾಸನವು ಓರೆಯಾಗಿ ಕತ್ತರಿಸಿದ ಮೂಲೆಯನ್ನೂ ಬಾಗಿಲ ಮೇಲಿನ ಗಾರೆಯ ಕೆಲಸವನ್ನೂ ರಕ್ಷಿಸಬಲ್ಲುದು, ಅದರ ಒಳಗೆ ಯಾರು ಕೂರಬೇಕೆಂಬುದು ಅದರ ವ್ಯಾಪ್ತಿಗೆ ಹೊರಗು. ನಾಯ್‌ಕೋಲ್ನ್‌ನಲ್ಲಿ 1985ರಿಂದ ಕೆಲಸಗಾರರೇ ಕೂಡಿ ನಡೆಸುತ್ತಿದ್ದ ‘ಸಿಂಡಿಕಾಟ್’ ಎಂಬ ಪಾನಗೃಹವನ್ನು 2020ರ ಆಗಸ್ಟಿನಲ್ಲಿ ಪೋಲೀಸರ ದೊಡ್ಡ ಪಡೆಯ ರಕ್ಷಣೆಯಲ್ಲಿ ತೆರವು ಮಾಡಿಸಿದುದು ಈ ಶಾಸನದ ಪ್ರಕಾರವೇ.

ಹಳೆಯ ಪಾನಗೃಹದ ಪರವಾಗಿ ವಾದಿಸುವವರು ಅದು ಜನತೆಯ ಆತ್ಮವೆನ್ನುತ್ತಾರೆ. ವಿರೋಧಿಗಳು ಕಾಲಕ್ಕೆ ತಕ್ಕಂತೆ ವ್ಯಾಪಾರ ಬದಲಾಗುತ್ತದೆಯೆನ್ನುತ್ತಾರೆ. ಮೇಲೆ ಕೊಟ್ಟ ಸಂಗತಿಗಳು ಎರಡನ್ನೂ ಸಮರ್ಥಿಸುವುದಿಲ್ಲ. ಕಿರಿದಾದ ಮನೆ, ಬಟ್ಟಿಯ ಬಂಡವಾಳ, ಸಭೆಗೆ ನಿಷೇಧ, ಇವುಗಳಿಂದ ಹುಟ್ಟಿದ ಸಂಸ್ಥೆಗೆ ಆ ಕಾರಣಗಳು ಹೋದ ಮೇಲೆ ಹಿಂದಿನ ಬಲ ಉಳಿಯಲಾರದು. ಬೆಚ್ಚಗಿನ ನಾಲ್ಕು ಕೊಠಡಿಯ ಮನೆಯುಳ್ಳವನಿಗೆ ಬೀದಿಯ ಒಲೆ ಬೇಡ. ಆದರೆ ಈಗ ಅಲ್ಲಿ ಕೂರುವವರಿಗೆ ನಾಲ್ಕು ಕೊಠಡಿಯಿಲ್ಲ. ಹಿಂದಿನ ಬಾಡಿಗೆಯ ಒಂದೆರಡು ಕೊಠಡಿಗಳಲ್ಲಿ ಒಂಟಿಯಾಗಿ ಉಳಿದ ವೃದ್ಧರಿಗೆ 1880ರ ಹಾಸಿಗೆ ಬಾಡಿಗೆಯವನಿಗೆ ಇದ್ದ ಅಗತ್ಯವೇ ಇಂದಿಗೂ ಇದೆ. ಸುತ್ತಲ ಬಡಾವಣೆ ಶ್ರೀಮಂತವಾದುದರಿಂದ ಅವರ ಅಗತ್ಯ ಕಣ್ಣಿಗೆ ಬೀಳದಂತಾಗಿದೆ, ಅಷ್ಟೆ.

ಸಂಶೋಧನೆಗೆ ಇಲ್ಲಿ ಅವಸರದ ಕೆಲಸವೊಂದಿದೆ. ಬರ್ಲಿನ್‌ನ ಪ್ರಾಂತೀಯ ದಾಖಲೆಗೃಹದಲ್ಲಿ ಹಳೆಯ ಪೋಲೀಸ್ ಮುಖ್ಯಾಲಯದ ಕಡತಗಳು ಭದ್ರವಾಗಿವೆ. ಪಾನಗೃಹಗಳ ಮೇಲೆ ಕಣ್ಣಿಟ್ಟವರ ಮಾತು ಅಲ್ಲಿ ಬೇಕಾದಷ್ಟು ದೊರೆಯುತ್ತದೆ. ಉಳಿತಾಯ ಸಂಘದ ಲೆಕ್ಕದ ಪುಸ್ತಕ, ಸಾಲದ ವಹಿ, ಹಾಡಿನ ಮಂಡಳಿಯ ನಡವಳಿ, ಗೋಡೆಯ ಛಾಯಾಚಿತ್ರ ಇವು ಅಂಗಡಿಯವರ ಸ್ವಂತ ಸೊತ್ತು. ಒಂದು ಮೂಲೆ ಮುಚ್ಚಿದಾಗ ಇವು ಕಸದ ಬಂಡಿಗೆ ಬೀಳುತ್ತವೆ. ಗೋಡೆಯ ತಗಡಿನ ಪೆಟ್ಟಿಗೆಗೆ ಮಾತ್ರ ಬೆಲೆಯಿದೆ. ಮೌವರ್‌ಪಾರ್ಕಿನ ಭಾನುವಾರದ ಹಳೆಯ ಸಾಮಾನುಗಳ ಸಂತೆಯಲ್ಲಿ ಅಂತಹುದೊಂದನ್ನು, ಬೀಗದ ಕೈ ಇಲ್ಲದೆ, ಕಾಗದ ಇಡುವ ಕಪಾಟೆಂದು ಮಾರುತ್ತಿದ್ದರು.